ಎಂಜಿನ್ ಇಲ್ಲದ ಕಾರಿಗೆ ಆಶೀರ್ವಾದ

ಒಂದು ಭಾನುವಾರ ಎರಡನೆಯ ಬಲಿಪೂಜೆ ಮುಗಿಸಿ ಪೂಜಾವಸ್ತ್ರ ತೆಗೆದಿಡುತ್ತಿದ್ದೆ. ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಬಾಗಿಲ ಬಳಿ ಬಂದು ನಿಂತು, "ಫಾದರ್, ಕಾರು ತಗೊಂಡಿದ್ದೀನಿ. ಮನೆ ಹತ್ರ ಬಂದು ಆಶೀರ್ವಾದ ಮಾಡಬೇಕು" ಎಂದ. ಯಲಹಂಕದ ಈ ಕಡೆ ಇದು ಹೊಸ ಕೋರಿಕೆಯೇನಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದಿಂದ ಆಚೆಗೆ ಬಳ್ಳಾರಿ ರಸ್ತೆಯ ಎರಡೂ ಬದಿ ಮನೆಗಳೆದ್ದವು. ಮನೆಗಳ ಹಿಂದೆಯೇ ಕಾರುಗಳೂ ಬಂದವು. "ದೇವಾಲಯಕ್ಕೇ ತರಬಹುದಲ್ಲಪ್ಪ?" ಎಂದೆ. "ಅದು ಓಡಲ್ಲ ಫಾದರ್" ಎಂದು ತಲೆ ತಗ್ಗಿಸಿದ.

ಅಂದು ಸಂಜೆ ಹೋದೆ. ಮನೆಯ ಪಕ್ಕದ ತಗಡಿನ ಷೆಡ್ಡಿನಲ್ಲಿ ಟಾರ್ಪಾಲು ಹೊದಿಸಿದ ಒಂದು ಹಳೆಯ ಫಿಯೆಟ್, 1971ರದು. ಯಶವಂತಪುರದ ಕಡೆ ಯಾರದೋ ಹಿತ್ತಲಲ್ಲಿ ವರ್ಷಗಟ್ಟಲೆ ನಿಂತಿದ್ದದ್ದನ್ನು ಲಾರಿಯ ಮೇಲೆ ಹೇರಿಸಿ ತಂದಿದ್ದ. ಬಣ್ಣ ಬಿಸಿಲಿಗೆ ಸುಣ್ಣದಂತಾಗಿತ್ತು. ನೋಂದಣಿ ಫಲಕದ ಮೇಲೆ ಹಳೆಯ ಮೈಸೂರು ರಾಜ್ಯದ ಕಾಲದ 'ಎಂವೈ' ಅಕ್ಷರಗಳು ಇನ್ನೂ ಉಳಿದಿದ್ದವು. ನೆರೆಹೊರೆಯವರು ಸೇರಿದ್ದರು. ಆತ ಹೆಮ್ಮೆಯಿಂದ ಬಾನೆಟ್ ಎತ್ತಿದ. ಒಳಗೆ ನೆಲ ಕಾಣಿಸಿತು! ಆ ನೆಲದ ಮೇಲೆ ಬೆಕ್ಕೊಂದು ನೆಮ್ಮದಿಯಾಗಿ ಮಲಗಿತ್ತು.

"ಇದಕ್ಕೆ ಆಶೀರ್ವಾದ ಮಾಡಬೇಕೋ, ಅಂತ್ಯಕ್ರಿಯೆ ಮಾಡಬೇಕೋ?" ಎಂದು ಕೇಳಿಬಿಟ್ಟೆ. ಎಲ್ಲರೂ ನಕ್ಕರು. ಆತನೂ ನಕ್ಕ. ಆತನ ಹೆಂಡತಿ ಮಾತ್ರ ನಗದೆ ಒಳಗೆ ಹೋದರು. ಗುರುವಿನ ನಾಲಿಗೆ ಕೆಲವೊಮ್ಮೆ ಗುರುವಿಗಿಂತ ಮುಂದೆ ಓಡುತ್ತದೆ. ಆ ತಮಾಷೆಯ ಬೆಲೆ ನನಗೆ ತಿಳಿದದ್ದು ಮುಂದಿನ ವಾರ, ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ದಿನ ನನ್ನನ್ನು ಕಾಣಲು ಬಂದಾಗ. (ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ. ಹೆಸರು ಹೇಳದೆ ಬರೆಯಲು ಆ ದಂಪತಿ ಒಪ್ಪಿಗೆ ಕೊಟ್ಟಿದ್ದಾರೆ.)

ಮೊದಲು ಬಂದವರು ಹೆಂಡತಿ. ಆ ಖಾಲಿ ಕಾರಿಗೆ ಗಂಡ ಕೊಟ್ಟದ್ದು ಅರವತ್ತು ಸಾವಿರ. ಅದಕ್ಕಾಗಿ ಅವರ ಎರಡು ಬಳೆಗಳು ಗಿರವಿ ಅಂಗಡಿ ಸೇರಿದ್ದವು. "ಕಾರು ತಗೊಂಡಿದ್ದಕ್ಕೆ ನನಗೆ ಬೇಜಾರಿಲ್ಲ ಫಾದರ್. ಬಳೆ ಬ್ಯಾಂಕಿನ ಲಾಕರಿನಲ್ಲಿದೆ ಅಂದುಕೊಂಡಿದ್ದೆ" ಎಂದರು. ಅಷ್ಟೇ ಹೇಳಿ ಕಣ್ಣೊರೆಸಿಕೊಂಡರು.

ಎರಡು ದಿನದ ನಂತರ ಗಂಡ ಬಂದ. ಆತನ ತಂದೆ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಕೆಲಸಕ್ಕಿದ್ದವರು. ಬಹಳ ವರ್ಷ ಉಳಿಸಿ ಇಂಥದ್ದೇ ಒಂದು ಫಿಯೆಟ್ ಕಾರನ್ನು ಎರಡನೆಯ ಕೈಯಿಂದ ಕೊಂಡಿದ್ದರಂತೆ. ಭಾನುವಾರ ಆರು ಜನ ಅದರಲ್ಲಿ ತುಂಬಿಕೊಂಡು ಪೂಜೆಗೆ ಬರುತ್ತಿದ್ದರು. ಕೆಲವು ಗುರುವಾರ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೂ ಅದರಲ್ಲೇ ಪಯಣ. 1998ರಲ್ಲಿ ಮಗಳ ಮದುವೆಗೆಂದು ತಂದೆ ಕಾರನ್ನು ಮಾರಿದರು. ಕೊಂಡವನು ಓಡಿಸಿಕೊಂಡು ಹೋದ ಮೇಲೂ ಅವರು ಬಹಳ ಹೊತ್ತು ಗೇಟಿನಲ್ಲೇ ನಿಂತಿದ್ದರು. ಆಗ ಹತ್ತು ವರ್ಷದ ಹುಡುಗನಾಗಿದ್ದ ಈತ ಅದನ್ನು ಮರೆತಿಲ್ಲ. ತಂದೆ ಈಗ ಇಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೋಹ ಕೊರೆಯುವ ಯಂತ್ರದ ಮುಂದೆ ದುಡಿಯುವ ಈತನ ಕೈಯಲ್ಲಿ ಕಸುಬು ಇದೆ. ಮನಸ್ಸಿನಲ್ಲಿ ಆ ಗೇಟು ಇದೆ. ತನ್ನ ಇಬ್ಬರು ಮಕ್ಕಳಿಗೆ, "ತಾತನ ಕಾರು ಮನೆಗೆ ಬಂದಿದೆ" ಎಂದು ಹೇಳಿಬಿಟ್ಟಿದ್ದ.

ಆದರೆ ಆತ ಬಂದದ್ದು ಇದನ್ನು ಹೇಳಲು ಮಾತ್ರವಲ್ಲ. ಒಬ್ಬ ದಲ್ಲಾಳಿ ಒಂದು ದಾರಿ ತೋರಿಸಿದ್ದ. ಮಾರುತಿ ಜಿಪ್ಸಿಯ ಎಂಜಿನ್ ಕೂರಿಸಿ, ಅದರ ಮೇಲಿನ ಸಂಖ್ಯೆಯನ್ನು ಉಜ್ಜಿ ತೆಗೆದು, ನೋಂದಣಿ ಪತ್ರದಲ್ಲಿರುವ ಹಳೆಯ ಫಿಯೆಟ್ ಎಂಜಿನ್ನಿನ ಸಂಖ್ಯೆಯನ್ನು ಅಚ್ಚು ಹೊಡೆದುಬಿಡುವುದು. ಕಾಗದ ಸರಿ, ಕಾರು ಸರಿ. "ಯಾರಿಗೂ ನಷ್ಟವಿಲ್ಲವಲ್ಲ ಫಾದರ್? ನನ್ನ ಕಾರು, ನನ್ನ ದುಡ್ಡು. ನಾಲ್ಕು ಅಂಕಿ ಹೊಡೆದರೆ ಏನು ಪಾಪ?"

ಪ್ರಿಯ ಓದುಗರೇ, ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ 'ತಪ್ಪು' ಎಂದು ಹೇಳಿ ಕಳುಹಿಸಬಹುದಿತ್ತು. ಆದರೆ ಹಾಗೆ ಕಳುಹಿಸಿದವರು ಮನಸ್ಸು ಬದಲಿಸುವುದಿಲ್ಲ, ಗುರುಗಳನ್ನು ಕೇಳುವುದನ್ನು ಬಿಡುತ್ತಾರೆ, ಅಷ್ಟೇ. ಆದ್ದರಿಂದ ಇಬ್ಬರೂ ಕುಳಿತು ಯೋಚಿಸಿದೆವು.

ಅದೇ ಕಾರೇ, ಬೇರೆ ಕಾರೇ?

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಒಂದು ಹಡಗಿನ ಕಥೆ ಕೇಳಿದ್ದೆ. ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವಂತೆ, ವೀರ ಥೀಸಿಯಸನ ಹಡಗನ್ನು ಅಥೆನ್ಸಿನ ಜನ ಕಾಪಾಡಿಕೊಂಡು ಬಂದರು. ಕೊಳೆತ ಹಲಗೆ ತೆಗೆದು ಹೊಸ ಹಲಗೆ ಹಾಕುತ್ತಾ ಹೋದರು. ಕೊನೆಗೆ ಅದು ಅದೇ ಹಡಗೋ ಬೇರೆಯೋ ಎಂದು ಪಂಡಿತರು ಜಗಳವಾಡಿದರು. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ ಅದಕ್ಕೆ ಇನ್ನೊಂದು ಗಂಟು ಹಾಕಿದ: ತೆಗೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ಯಾವುದು ನಿಜವಾದದ್ದು? ನಮ್ಮ ದೇಶದಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆಯಿದೆ. 'ಮಿಲಿಂದ ಪ್ರಶ್ನೆ' ಎಂಬ ಬೌದ್ಧ ಗ್ರಂಥದಲ್ಲಿ ನಾಗಸೇನ ಭಿಕ್ಷು ರಾಜನ ರಥವನ್ನೇ ಮುಂದಿಟ್ಟು ವಿಚಾರಿಸುತ್ತಾನೆ: ಚಕ್ರ ರಥವೇ, ಅಚ್ಚು ರಥವೇ, ನೊಗ ರಥವೇ? ಬಿಡಿ ಭಾಗ ಯಾವುದೂ ರಥವಲ್ಲ.

ಇಷ್ಟು ದೂರವೂ ಹೋಗಬೇಕಿಲ್ಲ. ಸೆಪ್ಟೆಂಬರ್ 8ರಂದು ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದ ಹಬ್ಬಕ್ಕೆ ಹೋಗಿ ತೇರು ನೋಡಿದವರು ಯೋಚಿಸಲಿ. ಯಾವ ಊರಿನ ತೇರೇ ಆಗಲಿ, ಚಕ್ರ ಸವೆದರೆ ಬದಲಿಸುತ್ತೇವೆ, ಮರ ಸೀಳಿದರೆ ಹೊಸದು ಕೂಡಿಸುತ್ತೇವೆ. ಆದರೂ ಅದು ನಮ್ಮ ಅಜ್ಜ ಎಳೆದ ತೇರೇ. ಯಾಕೆ? ರಿಪೇರಿ ಎಲ್ಲರ ಕಣ್ಣೆದುರು ನಡೆಯಿತು. ಇಂಥ ವರ್ಷ ಇಂಥವರು ಚಕ್ರ ಮಾಡಿಸಿಕೊಟ್ಟರು ಎಂದು ಊರಿಗೆ ಗೊತ್ತು. ಕಥೆ ಎಲ್ಲಿಯೂ ತುಂಡಾಗಿಲ್ಲ.

ಅಕ್ವಿನೊ ನಗರದ ಸಂತ ಥಾಮಸರು ಮನುಷ್ಯನ ಬಗ್ಗೆ ಕಲಿಸಿದ್ದು ಬೇರೆ. ನಮ್ಮ ದೇಹದಲ್ಲಿ ಅನ್ನ ಸೇರುತ್ತದೆ, ಹಳೆಯದು ಸವೆದು ಹೋಗುತ್ತದೆ. ಆದರೂ ಆತ್ಮವೊಂದೇ ಆಗಿರುವುದರಿಂದ ನಾನು ನಾನಾಗಿಯೇ ಉಳಿಯುತ್ತೇನೆ. ಕಾರಿಗೆ ಆತ್ಮವಿಲ್ಲ. ಅದನ್ನು ಒಳಗಿನಿಂದ ಹಿಡಿದು ನಿಲ್ಲಿಸುವ ಯಾವುದೂ ಇಲ್ಲ. ಅದು ಯಾವ ಕಾರು ಎಂಬುದು ಅದನ್ನು ಇಟ್ಟುಕೊಂಡವರ ಮಾತಿನ ಮೇಲೆ ನಿಂತಿದೆ. ಮಾತು ನಿಜವಾಗಿದ್ದರೆ ಎಂಜಿನ್ ಬದಲಾದರೂ ಅದು ಅದೇ ಕಾರು. ಮಾತು ಸುಳ್ಳಾದರೆ ಒಂದು ಬೋಲ್ಟೂ ಬದಲಾಗದಿದ್ದರೂ ಅದು ಮೋಸದ ವಸ್ತು.

ಬದಲಾವಣೆ ಪಾಪವಲ್ಲ

ಹಾಗಾದರೆ ಹಳೆಯ ಕಾರಿಗೆ ಬೇರೆ ಎಂಜಿನ್ ಹಾಕುವುದೇ ಅಪಚಾರವೇ? ಅಲ್ಲ. ನಮ್ಮ ದೇಶದ ಕಾರ್ಖಾನೆಗಳೇ ಇದನ್ನು ಬಹಿರಂಗವಾಗಿ ಮಾಡಿವೆ. ಈ ಯುವಕನ ಕಾರು ಹುಟ್ಟಿದ್ದು ಮುಂಬಯಿಯ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್‌ನಲ್ಲಿ. ಅದೇ ಸಂಸ್ಥೆ 1985ರಲ್ಲಿ ಇಟಲಿಯ ಫಿಯೆಟ್ 124ರ ದೇಹಕ್ಕೆ ಜಪಾನಿನ ನಿಸಾನ್ ಎಂಜಿನ್ ಹೂಡಿ '118 ಎನ್‌ಇ' ಎಂದು ಮಾರಿತು. ಆ 'ಎನ್‌ಇ' ಎಂದರೆ ನಿಸಾನ್ ಎಂಜಿನ್ ಎಂದೇ! ಬದಲಿಸಿದ್ದನ್ನು ಬಚ್ಚಿಡಲಿಲ್ಲ, ಹೆಸರಿನಲ್ಲೇ ಬರೆದರು. ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ತಂದ ಕಾಂಟೆಸ್ಸಾ ಕಾರಿಗೆ ಮೊದಲು ಅಂಬಾಸಿಡರಿನ ಹಳೆಯ 1489 ಸಿಸಿ ಎಂಜಿನ್ ಇತ್ತು. ಆ ಭಾರದ ದೇಹಕ್ಕೆ ಅದು ಸಾಲದೆ ಬಂದಾಗ ಜಪಾನಿನ ಇಸುಜು ಎಂಜಿನ್ ಬಂತು; ಕಾರಿಗೆ ಜೀವ ಬಂತು.

ಎಲ್ಲ ಜೋಡಿಯೂ ಹೊಂದುವುದಿಲ್ಲ ಎಂಬುದಕ್ಕೂ ಸಾಕ್ಷಿಯಿದೆ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ಸ್ 1985ರಲ್ಲಿ ಇಂಗ್ಲೆಂಡಿನ ರೋವರ್ ಕಾರಿನ ಬೆಡಗಿನ ದೇಹ ತಂದು, ಅದರೊಳಗೆ 1940ರ ದಶಕದ ವ್ಯಾನ್‌ಗಾರ್ಡ್ ಎಂಜಿನ್ನಿನ ವಂಶದ್ದನ್ನು ಕೂರಿಸಿತು. 'ಸ್ಟ್ಯಾಂಡರ್ಡ್ 2000' ಎಂಬ ಆ ಕಾರು ನೋಡಲು ರಾಜ, ಏರು ಹತ್ತಲು ಮುದುಕ. ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಯುವಕನ ಯೋಜನೆಯಲ್ಲಿ ಇದು ತಿರುಗುಮುರುಗಾಗಿತ್ತು: ದೇಹ ಹಳೆಯದು, ಎಂಜಿನ್ ಬಲಶಾಲಿ. ಫಿಯೆಟ್ಟಿನ ಸ್ವಂತ ಎಂಜಿನ್ 1089 ಸಿಸಿ, ಸುಮಾರು 40 ಅಶ್ವಶಕ್ತಿ. ಅವನಿಗೆ ಸಿಕ್ಕಿದ್ದ ಜಿಪ್ಸಿ ಎಂಜಿನ್ 1298 ಸಿಸಿ, 80 ಅಶ್ವಶಕ್ತಿ. ಇದರಲ್ಲಿ ಕೆಡುಕೇನು ಎಂದು ನಾನು ಕೇಳಿದಾಗ ಕಸುಬು ಬಲ್ಲ ಆತನೇ ಉತ್ತರ ಹೇಳಿದ. ಆ ಕಾರಿಗೆ ಬೇರೆ ಚೌಕಟ್ಟಿಲ್ಲ. ತಗಡಿನ ದೇಹವೇ ಚೌಕಟ್ಟು. ನೆಲದ ತಗಡು ತುಕ್ಕು ಹಿಡಿದಿದ್ದರೆ ಇಡೀ ಕಾರಿನ ಬೆನ್ನೆಲುಬೇ ತುಕ್ಕು ಹಿಡಿದಂತೆ. ನಾಲ್ಕು ಚಕ್ರಕ್ಕೂ ಹಳೆಯ ಡ್ರಮ್ ಬ್ರೇಕು. ವೇಗ ಎರಡರಷ್ಟಾದರೆ ಕಾರನ್ನು ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟು. ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ಮುಂದಿನ ಬಸ್ಸು ಗಕ್ಕನೆ ನಿಂತರೆ?

ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಬಾರದೆಂದು ಯೇಸುಸ್ವಾಮಿ ಎಚ್ಚರಿಸಿದ್ದು ನಮಗೆ ಗೊತ್ತು. ಹೊಸದು ಕೆಟ್ಟದ್ದೆಂದು ಅವರು ಹೇಳಲಿಲ್ಲ. ಹೊಸದರ ಸೆಳೆತವನ್ನು ಹಳೆಯದು ತಡೆಯಬಲ್ಲದೇ ಎಂದು ನೋಡದಿದ್ದರೆ ಹರಿದುಹೋಗುತ್ತದೆ ಎಂದರು. ಆ ಹರಕು ಬೀಳುವುದು ರಸ್ತೆ ದಾಟುತ್ತಿರುವ ಇನ್ಯಾರದೋ ಮಗುವಿನ ಮೇಲಾಗಬಹುದು. 'ನನ್ನ ಕಾರು, ನನ್ನ ದುಡ್ಡು' ಎಂಬ ಮಾತು ಗೇಟಿನ ಒಳಗೆ ಮಾತ್ರ ಸರಿ.

ನಾಲ್ಕು ಅಂಕಿಯ ಸುಳ್ಳು

ಈಗ ಆ ನಾಲ್ಕು ಅಂಕಿಗೆ ಬರೋಣ. ಸರ್ಕಾರದ ಕಾಗದ ಎಂದರೆ ನಮಗೆ ಅಸಡ್ಡೆ. ಆದರೆ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಯಾಕಿವೆ? ಕದ್ದ ಗಾಡಿ ಮರಳಿ ಮಾಲೀಕನಿಗೆ ಸಿಗಲಿ, ಅಪಘಾತ ಮಾಡಿದ ಗಾಡಿ ಯಾರದೆಂದು ತಿಳಿಯಲಿ, ಕೊಳ್ಳುವವನು ಏನು ಕೊಳ್ಳುತ್ತಿದ್ದಾನೆಂದು ಅರಿಯಲಿ ಎಂದು. ಒಂದು ಸಂಖ್ಯೆಯನ್ನು ಉಜ್ಜಿದರೆ ಆ ಎಂಜಿನ್ ಎಲ್ಲಿಂದ ಬಂತೆಂಬ ಕಥೆಯನ್ನೇ ಉಜ್ಜಿದಂತೆ. ಅದು ಯಾರದೋ ಕದ್ದ ಜಿಪ್ಸಿಯದಾಗಿದ್ದರೆ, ಕಳೆದುಕೊಂಡವನಿಗೆ ಅದು ಎಂದಿಗೂ ಸಿಗದಂತೆ ಮಾಡಿದವರು ನಾವೇ. ದಲ್ಲಾಳಿ ಬಿಲ್ಲು ಕೊಡುತ್ತಾನೆಯೇ ಎಂದು ಕೇಳಿದೆ. ಆತ ಸುಮ್ಮನಾದ. "ಯಾರಿಗೂ ನಷ್ಟವಿಲ್ಲ" ಎಂದರೆ ಅನೇಕ ಸಲ "ನಷ್ಟವಾದವನು ನನ್ನ ಕಣ್ಣಿಗೆ ಬಿದ್ದಿಲ್ಲ" ಎಂದಷ್ಟೇ ಅರ್ಥ.

ಕಾನೂನು ಕೂಡ ಇದನ್ನು ಲಘುವಾಗಿ ಕಾಣುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ವಾಹನದಲ್ಲಿ ಮಾಡಿದ ಮಾರ್ಪಾಡು ನೋಂದಣಿ ಪತ್ರದಲ್ಲಿ ಸೇರಬೇಕು. ಎಂಜಿನ್ ಬದಲಿಸಿದರೆ 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. ಆದ್ದರಿಂದ ಅದೇ ಬಗೆಯ ಎಂಜಿನ್ನಿಗೆ ದಾರಿಯಿದೆ, ಬೇರೆಯದಕ್ಕೆ ದಾರಿ ಬಹಳ ಇಕ್ಕಟ್ಟು. ದಲ್ಲಾಳಿ ಇನ್ನೊಂದು ಆಸೆಯನ್ನೂ ತೋರಿಸಿದ್ದ: 50 ವರ್ಷ ದಾಟಿದ ಕಾರಾದ್ದರಿಂದ 'ವಿಂಟೇಜ್' ಎಂದು ನೋಂದಾಯಿಸಿ ಒಳ್ಳೆಯ ಬೆಲೆಗೆ ಮಾರಬಹುದು ಎಂದು. 2021ರಲ್ಲಿ ಬಂದ ಆ ನಿಯಮವನ್ನು ತೆಗೆದು ನೋಡಿದೆವು. ವಾಹನ ಮೂಲರೂಪದಲ್ಲೇ ಇರಬೇಕು, ದೇಹಕ್ಕಾಗಲಿ ಎಂಜಿನ್ನಿಗಾಗಲಿ ದೊಡ್ಡ ಮಾರ್ಪಾಡು ಆಗಿರಬಾರದು. ದಿನನಿತ್ಯದ ಓಡಾಟಕ್ಕೂ ಅದನ್ನು ಬಳಸುವಂತಿಲ್ಲ. ಅಂದರೆ ಮೊದಲ ಸುಳ್ಳನ್ನು ಕಾಪಾಡಲು ಎರಡನೆಯದು, ಎರಡನೆಯದಕ್ಕೆ ಮೂರನೆಯದು. ಸುಳ್ಳಿನ ಲೆಕ್ಕ ಯಾವಾಗಲೂ ಬಡ್ಡಿಯ ಲೆಕ್ಕ.

ಈ ಮಾತಿನ ನಡುವೆ ನನಗೆ ಸಂತ ಪೌಲರು ನೆನಪಾದರು. ಒಳಗಿನ ಎಂಜಿನ್ನೇ ಬದಲಾದ ಮನುಷ್ಯನೆಂದರೆ ಅವರೇ ಅಲ್ಲವೇ? ಆದರೆ ಅವರು ಹಳೆಯ ಸಂಖ್ಯೆಯನ್ನು ಉಜ್ಜಲಿಲ್ಲ. ತಾವು ಧರ್ಮಸಭೆಯನ್ನು ಹಿಂಸಿಸಿದವರೆಂದು ತಮ್ಮ ಪತ್ರಗಳಲ್ಲಿ ತಾವೇ ಬರೆದರು. ದೇವರು ಹೊಸ ಹೃದಯ ಕೊಡುತ್ತಾರೆ, ಸುಳ್ಳು ಚರಿತ್ರೆಯನ್ನು ಕೊಡುವುದಿಲ್ಲ. ಕ್ಷಮೆ ಸಿಗುವುದು ಹೇಳಿಕೊಂಡ ಪಾಪಕ್ಕೆ.

ಮೊದಲ ಲೆಕ್ಕ ಮನೆಯಲ್ಲಿ

ಕೊನೆಗೆ ನಾನು ಬಳೆಯ ಮಾತೆತ್ತಿದೆ. ಅಲ್ಲಿಯವರೆಗೆ ಧೈರ್ಯವಾಗಿ ವಾದಿಸುತ್ತಿದ್ದ ಆತ ನೆಲ ನೋಡಿದ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂಬ ಸಾಮತಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಎಂಜಿನ್ ಇಲ್ಲದ ಕಾರು ಆ ಅರೆಗಟ್ಟಿದ ಗೋಪುರವೇ. ಖಾಲಿ ಕಾರು ಅಗ್ಗ ಎಂದು ತೋರುತ್ತದೆ. ಆದರೆ ಎಂಜಿನ್, ಗೇರುಪೆಟ್ಟಿಗೆ, ರೇಡಿಯೇಟರು, ವೈರಿಂಗ್, ಬ್ರೇಕು, ತಗಡಿನ ಕೆಲಸ, ಬಣ್ಣ, ಕೊನೆಗೆ ನೋಂದಣಿಯ ನವೀಕರಣ. ಅದಕ್ಕೆ ಕಾರು ತಪಾಸಣೆಗೆ ಹೋಗಬೇಕು, ಎಂಜಿನ್ ಇಲ್ಲದ್ದು ಹೋಗುವುದಾದರೂ ಹೇಗೆ? ಕೊಂಡ ಬೆಲೆ ಬರೀ ಪ್ರವೇಶ ಶುಲ್ಕ.

ಆದರೂ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹೇಳಿ ನಾನು ಮುಗಿಸಲಿಲ್ಲ. ಬಡವನಿಗೆ ಹವ್ಯಾಸವೇ ಇರಬಾರದೆಂದು ಯಾವ ಶುಭಸಂದೇಶವೂ ಹೇಳುವುದಿಲ್ಲ. ಕೈಯಿಂದ ಒಂದು ಹಳೆಯ ವಸ್ತುವನ್ನು ಎಬ್ಬಿಸಿ ನಿಲ್ಲಿಸುವುದು ಒಳ್ಳೆಯ ಕೆಲಸ. ತಂದೆಯ ನೆನಪು ಅದಕ್ಕಿಂತ ಒಳ್ಳೆಯದು. ಆದರೆ ಲೆಕ್ಕ ಹಾಕಲು ಕುಳಿತುಕೊಳ್ಳುವಾಗ ಒಬ್ಬನೇ ಕುಳಿತದ್ದೇ ಆತನ ತಪ್ಪು. ವಿವಾಹ ಸಂಸ್ಕಾರದ ದಿನ ಇಬ್ಬರೂ ಕೈಹಿಡಿದದ್ದು ಖರ್ಚಿನ ಪುಸ್ತಕಕ್ಕೂ ಅನ್ವಯಿಸುತ್ತದೆ. "ಇಲ್ಲ" ಎಂದು ಹೆಂಡತಿ ಹೇಳಿಯಾಳೆಂಬ ಭಯದಿಂದ ಕೇಳದೆ ಇರುವುದು, ಅವಳು "ಹೂಂ" ಎನ್ನುವ ಅವಕಾಶವನ್ನೂ ಕಸಿದಂತೆ. ಆ ತಾಯಿ ನನ್ನ ಬಳಿ ದೂರಿದ್ದು ಬಳೆ ಹೋದದ್ದಕ್ಕಲ್ಲ, ತನ್ನನ್ನು ಕೇಳದ್ದಕ್ಕೆ.

ಆಮೇಲೆ ಏನಾಯಿತು ಎಂದು ಕೇಳುತ್ತೀರಿ. ಆತ ಅಂದು ರಾತ್ರಿಯೇ ಹೆಂಡತಿಗೆ ಎಲ್ಲವನ್ನೂ ಹೇಳಿದ. ಮೂರು ದಿನ ಮನೆಯಲ್ಲಿ ಮಾತಿರಲಿಲ್ಲವಂತೆ. ನಾಲ್ಕನೆಯ ದಿನ ಇಬ್ಬರೂ ಕುಳಿತು ಬರೆದ ಲೆಕ್ಕವನ್ನು ನನಗೆ ತಂದು ತೋರಿಸಿದರು: ಮೊದಲು ಬಳೆ ಬಿಡಿಸುವುದು, ಆಮೇಲೆ ಶಾಲೆಯ ಶುಲ್ಕ, ಉಳಿದರೆ ಕಾರು. ದಲ್ಲಾಳಿಗೆ ಬೇಡವೆಂದು ಹೇಳಿಯಾಯಿತು. ಗುಜರಿಗೆ ಹೋದ ಒಂದು ಪದ್ಮಿನಿಯ 1089 ಸಿಸಿ ಎಂಜಿನ್ ಬಿಲ್ಲಿನ ಸಮೇತ ಸಿಕ್ಕಿದರೆ, ಯಲಹಂಕದ ಸಾರಿಗೆ ಕಚೇರಿಗೆ ಮೊದಲು ಅರ್ಜಿ ಕೊಟ್ಟು ನಂತರವೇ ಕೂರಿಸುವುದೆಂದು ನಿರ್ಧಾರ. ಬಳೆ ಮನೆಗೆ ಬಂದಿದೆ. ಎಂಜಿನ್ ಇನ್ನೂ ಬಂದಿಲ್ಲ. ನಾನು ಕೂಡ ಆ ತಾಯಿಯ ಬಳಿ ನನ್ನ ತಮಾಷೆಗೆ ಕ್ಷಮೆ ಕೇಳಿದೆ. ಆಗ ಅವರು ಮೊದಲ ಸಲ ನಕ್ಕರು.

ಒಂದು ಕೆಲಸ ಉಳಿದಿತ್ತು. ಮಕ್ಕಳಿಗೆ ಹೇಳಿದ ಮಾತು. ಅದೇ ಎಲ್ಲಕ್ಕಿಂತ ಕಷ್ಟವಾಯಿತಂತೆ. ಷೆಡ್ಡಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು, ಇದು ತಾತನ ಕಾರಲ್ಲ, ತಾತನ ಕಾರಿನಂಥದ್ದು, ತಾತ ತಮ್ಮ ಕಾರನ್ನು ಅತ್ತೆಯ ಮದುವೆಗಾಗಿ ಮಾರಿದರು ಎಂದು ಹೇಳಿದ. ಮಕ್ಕಳು ಬೇಸರಪಟ್ಟಾರೆಂದು ಹೆದರಿದ್ದ. ಚಿಕ್ಕವಳು ಸ್ವಲ್ಪ ಯೋಚಿಸಿ, "ಹಾಗಾದ್ರೆ ತಾತ ಅತ್ತೆಗೆ ಕಾರು ಕೊಟ್ಟ ಹಾಗಲ್ವಾ ಅಪ್ಪ?" ಎಂದಳಂತೆ. ಸುಳ್ಳು ಹೇಳಿದ್ದಾಗ ಮಕ್ಕಳಿಗೆ ಸಿಕ್ಕಿದ್ದು ಒಂದು ಕಾರು. ನಿಜ ಹೇಳಿದಾಗ ಸಿಕ್ಕಿದ್ದು ತಾತ.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲಿಯೂ ಟಾರ್ಪಾಲು ಹೊದಿಸಿದ ಒಂದಲ್ಲ ಒಂದು ವಸ್ತುವಿದೆ: ಹೇಳದೆ ಮಾಡಿದ ಸಾಲ, ಮುಚ್ಚಿಟ್ಟ ರಸೀತಿ, ಮಕ್ಕಳಿಗೆ ತಿರುಚಿ ಹೇಳಿದ ಹಳೆಯ ಕಥೆ. ಈ ವಾರ ಕುಟುಂಬ ಪ್ರಾರ್ಥನೆಗೆ ಕುಳಿತಾಗ ಅದರ ಬಾನೆಟ್ ಎತ್ತುವ ಧೈರ್ಯ ಮಾಡೋಣವೇ? ಒಳಗೆ ಖಾಲಿ ಇದ್ದರೂ ಪರವಾಗಿಲ್ಲ. ಕಳೆದ ತಿಂಗಳು ನಾನು ಮತ್ತೆ ಆ ಷೆಡ್ಡಿಗೆ ಹೋಗಿದ್ದೆ. ಎಂಜಿನ್ ಬರಲಿ ಎಂದು ಕಾಯಲಿಲ್ಲ. ಕಾರಿಗೂ, ಅದರ ಸುತ್ತ ನಿಂತ ನಾಲ್ವರಿಗೂ ಪವಿತ್ರ ಜಲ ಪ್ರೋಕ್ಷಿಸಿ ಆಶೀರ್ವದಿಸಿ ಬಂದೆ. ಬೆಕ್ಕು ಮಾತ್ರ ಎದ್ದು ಓಡಿಹೋಯಿತು.